ಮಾತೇ ಮದ್ದಾಗುವ ಬಗೆ



ನಮ್ಮ ಮನೆಗಳಲ್ಲಿ ಆಗಾಗ ಕೇಳಿಬರುವ ಒಂದು ಮಾತಿದೆ: 'ನಿನ್ನ ಹತ್ತಿರ ಹೇಳಿಕೊಂಡ ಮೇಲೆ ಮನಸ್ಸು ಹಗುರವಾಯಿತು.' ಹೇಳಿಕೊಂಡವರ ಸಾಲ ಅದರಿಂದ ತೀರಿರುವುದಿಲ್ಲ, ಕಾಯಿಲೆ ವಾಸಿಯಾಗಿರುವುದಿಲ್ಲ, ಫೇಲಾದ ಪರೀಕ್ಷೆ ಪಾಸಾಗಿರುವುದಿಲ್ಲ. ಆದರೂ ಏನೋ ಒಂದು ಭಾರ ಇಳಿದಿರುತ್ತದೆ. ಈ ಅನುಭವ ನಮ್ಮೆಲ್ಲರದು. ಇದೇ ಅನುಭವವನ್ನು ಆಧಾರವಾಗಿಟ್ಟುಕೊಂಡು, ಅದನ್ನು ಶಿಸ್ತಿನಿಂದ ಪರೀಕ್ಷಿಸಿ, ಬೆಳೆಸಿ, ಒಂದು ವೈದ್ಯಕೀಯ ವಿಧಾನವಾಗಿ ರೂಪಿಸಿದ್ದಾರೆ. ಅದಕ್ಕೆ ಮಾತಿನ ಚಿಕಿತ್ಸೆ ಅಥವಾ ಮನೋಚಿಕಿತ್ಸೆ ಎಂದು ಹೆಸರು. ಅದು ಎಲ್ಲಿ ಹುಟ್ಟಿತು, ಅದರಲ್ಲಿ ಎಷ್ಟು ಬಗೆಗಳಿವೆ, ಅವು ಹೇಗೆ ಕೆಲಸ ಮಾಡುತ್ತವೆ ಎಂಬುದನ್ನು ಇಂದು ನೋಡೋಣ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಒಬ್ಬ ಹುಡುಗ ಪಾಠ ಮುಗಿದ ಮೇಲೆ ಹಿಂದೆ ಉಳಿದ. ಹಳ್ಳಿಯಿಂದ ಬಂದು ಹಾಸ್ಟೆಲಿನಲ್ಲಿದ್ದವನು. 'ಸರ್, ಪುಸ್ತಕ ಹಿಡಿದರೆ ಎದೆ ಡವಡವ ಅನ್ನುತ್ತೆ. ರಾತ್ರಿ ನಿದ್ದೆ ಬರಲ್ಲ' ಎಂದ. ನಾನು ಅವನ ಬೆನ್ನು ತಟ್ಟಿ, 'ಇಷ್ಟಕ್ಕೆಲ್ಲ ಹೆದರುತ್ತಾರೇನಯ್ಯಾ? ಧೈರ್ಯವಾಗಿರು. ಬೆಳಗಿನ ಜಾವ ಎದ್ದು ಓದು, ಎಲ್ಲ ಸರಿಹೋಗುತ್ತೆ' ಎಂದೆ. ಅವನು 'ಆಗಲಿ ಸರ್' ಎಂದು ಹೊರಟುಹೋದ. ಒಳ್ಳೆಯ ಮಾತು ಹೇಳಿದೆನೆಂಬ ಸಮಾಧಾನ ನನಗಿತ್ತು. ಎರಡು ವಾರ ಕಳೆದ ಮೇಲೆ ಅವನು ತರಗತಿಗೆ ಬರುವುದನ್ನೇ ನಿಲ್ಲಿಸಿದ. ಅವನ ಕಥೆ ಏನಾಯಿತು ಎಂಬುದನ್ನು ಕೊನೆಯಲ್ಲಿ ಹೇಳುತ್ತೇನೆ. ನಾನು ಆಡಿದ ಮಾತಿನಲ್ಲಿ ಏನು ಕೊರತೆಯಿತ್ತು ಎಂಬುದನ್ನು ಅಲ್ಲಿಯವರೆಗೆ ನೀವೇ ಯೋಚಿಸುತ್ತಿರಿ.

ಮಾತಿನ ಚಿಕಿತ್ಸೆ ಎಂಬ ಹೆಸರನ್ನು ಮೊದಲು ಕೊಟ್ಟವರು ವೈದ್ಯರಲ್ಲ, ಒಬ್ಬ ರೋಗಿ. ಆಸ್ಟ್ರಿಯಾದ ವಿಯೆನ್ನಾ ನಗರದ ಬರ್ತಾ ಪಾಪೆನ್‌ಹೈಮ್ ಎಂಬ ಯುವತಿ. 1880ರಲ್ಲಿ, ಆಕೆಗೆ ಇಪ್ಪತ್ತೊಂದು ವರ್ಷವಾಗಿದ್ದಾಗ, ತಂದೆ ಹಾಸಿಗೆ ಹಿಡಿದರು. ಹಗಲಿರುಳೂ ಅವರ ಆರೈಕೆ ಮಾಡುತ್ತಿದ್ದ ಆಕೆಗೆ ವಿಚಿತ್ರ ತೊಂದರೆಗಳು ಕಾಣಿಸಿಕೊಂಡವು. ಬಿಡದ ಕೆಮ್ಮು, ಮರಗಟ್ಟಿದ ಕೈಕಾಲು, ಮಂಜಾದ ದೃಷ್ಟಿ. ಒಂದು ಹಂತದಲ್ಲಿ ಮಾತೃಭಾಷೆಯಾದ ಜರ್ಮನ್ ಮರೆತು ಇಂಗ್ಲಿಷಿನಲ್ಲಷ್ಟೇ ಮಾತನಾಡುವಂತಾಯಿತು. ಚಿಕಿತ್ಸೆಗೆ ಬಂದ ಡಾಕ್ಟರ್ ಯೋಸೆಫ್ ಬ್ರಾಯರ್ ದಿನದಿನವೂ ಆಕೆಯ ಬಳಿ ಕುಳಿತು, ಆಕೆ ಹೇಳುವುದನ್ನೆಲ್ಲ ಕೇಳಿಸಿಕೊಂಡರು. ಒಮ್ಮೆ, ಬೇಸಿಗೆಯ ಧಗೆಯಲ್ಲಿಯೂ ಆಕೆ ವಾರಗಟ್ಟಲೆ ನೀರು ಕುಡಿಯಲಾರದೆ ಹಣ್ಣುಗಳ ರಸದಲ್ಲೇ ಬಾಯಾರಿಕೆ ತಣಿಸಿಕೊಳ್ಳುತ್ತಿದ್ದಳು. ಸಂಮೋಹನದ ಸ್ಥಿತಿಯಲ್ಲಿ ಮಾತನಾಡುತ್ತಾ, ನಾಯಿಯೊಂದು ಲೋಟದಿಂದ ನೀರು ನೆಕ್ಕುವುದನ್ನು ಕಂಡು ಅಸಹ್ಯಪಟ್ಟು, ಸೌಜನ್ಯಕ್ಕಾಗಿ ಸುಮ್ಮನಿದ್ದ ಪ್ರಸಂಗವನ್ನು ನೆನಪಿಸಿಕೊಂಡಳು. ಅಂದು ನುಂಗಿಕೊಂಡ ಸಿಟ್ಟನ್ನೆಲ್ಲ ಹೊರಹಾಕಿ, ನೀರು ಕೇಳಿ ಕುಡಿದಳು. ಬ್ರಾಯರ್ ದಾಖಲಿಸಿರುವುದು ಹೀಗೆ. ಈ ವಿಧಾನಕ್ಕೆ ಆಕೆ ಗಂಭೀರವಾಗಿ 'ಮಾತಿನ ಚಿಕಿತ್ಸೆ' ಎಂದೂ, ತಮಾಷೆಗೆ 'ಚಿಮಣಿ ಗುಡಿಸುವುದು' ಎಂದೂ ಹೆಸರಿಟ್ಟಳು. ಅಡುಗೆಮನೆಯ ಹೊಗೆಗೂಡಿನಲ್ಲಿ ಮಸಿ ಕಟ್ಟಿದರೆ ಹೊಗೆ ಮನೆಯೊಳಗೇ ಸುತ್ತುತ್ತದೆ. ನಾಚಿಕೆಯಿಂದಲೋ ಭಯದಿಂದಲೋ ನುಂಗಿಕೊಂಡ ಮಾತೂ ಹಾಗೆಯೇ ಎಂದು ಆ ಹುಡುಗಿಗೆ ಅನ್ನಿಸಿತ್ತು.

ಇಲ್ಲಿ ಒಂದು ಸತ್ಯವನ್ನೂ ಹೇಳಬೇಕು. ಬರ್ತಾ ಈ ಮಾತುಕತೆಯಿಂದಲೇ ಪೂರ್ತಿ ಗುಣವಾದಳೆಂದು ಬಹುಕಾಲ ನಂಬಲಾಗಿತ್ತು. ಅದು ನಿಜವಲ್ಲ. 1882ರಲ್ಲಿ ಬ್ರಾಯರ್ ಚಿಕಿತ್ಸೆ ಮುಗಿದ ಮೇಲೂ ಆಕೆ ಆರೋಗ್ಯಧಾಮವೊಂದರಲ್ಲಿ ಇರಬೇಕಾಯಿತು. ಚೇತರಿಕೆಗೆ ವರ್ಷಗಳೇ ಹಿಡಿದವು. ಆದರೆ ಚೇತರಿಸಿಕೊಂಡ ಮೇಲೆ ಆಕೆ ಮಾಡಿದ ಕೆಲಸ ದೊಡ್ಡದು. ಫ್ರಾಂಕ್‌ಫರ್ಟಿನಲ್ಲಿ ಅನಾಥ ಹೆಣ್ಣುಮಕ್ಕಳ ಆಶ್ರಮ ನಡೆಸಿದರು. 1904ರಲ್ಲಿ ಜರ್ಮನಿಯ ಯಹೂದಿ ಮಹಿಳೆಯರ ಒಕ್ಕೂಟವನ್ನು ಕಟ್ಟಿದರು. 1954ರಲ್ಲಿ ಪಶ್ಚಿಮ ಜರ್ಮನಿ ಅವರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಮನಸ್ಸಿನ ಕಾಯಿಲೆ ಬಂದವರ ಬದುಕು ಅಲ್ಲಿಗೇ ಮುಗಿಯಿತು ಎನ್ನುವವರಿಗೆ ಇದಕ್ಕಿಂತ ಬೇರೆ ಉತ್ತರ ಬೇಕೇ?

ಬ್ರಾಯರ್ ಅವರ ಕಿರಿಯ ಗೆಳೆಯ ಸಿಗ್ಮಂಡ್ ಫ್ರಾಯ್ಡ್. ಇಬ್ಬರೂ ಸೇರಿ 1895ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಬರ್ತಾಳ ಪ್ರಕರಣ ಬೇರೆ ಹೆಸರಿನಲ್ಲಿ ಬಂತು. ಫ್ರಾಯ್ಡ್ ಸಂಮೋಹನವನ್ನು ಕೈಬಿಟ್ಟರು. ರೋಗಿ ಒರಗಿ ಮಲಗಿ, ಮನಸ್ಸಿಗೆ ಬಂದದ್ದನ್ನು ಆರಿಸದೆ, ಅಡಗಿಸದೆ ಹೇಳುತ್ತಾ ಹೋಗಬೇಕು. ಆ ಹರಿವಿನಲ್ಲಿ, ತನಗೇ ಅರಿವಿಲ್ಲದ ಒಳತೋಟಿಗಳು ಹೊರಗೆ ಕಾಣಿಸಿಕೊಳ್ಳುತ್ತವೆ ಎಂಬುದು ಅವರ ಮನೋವಿಶ್ಲೇಷಣೆಯ ತಿರುಳು. 1922ರಲ್ಲೇ ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸ್ ಅವರು ಭಾರತೀಯ ಮನೋವಿಶ್ಲೇಷಣಾ ಸಂಘವನ್ನು ಸ್ಥಾಪಿಸಿ ಫ್ರಾಯ್ಡ್ ಜೊತೆ ಪತ್ರವ್ಯವಹಾರ ನಡೆಸಿದರು. ಫ್ರಾಯ್ಡ್ ಹೇಳಿದ ಹಲವು ವಿಚಾರಗಳನ್ನು ಮುಂದಿನವರು ಒಪ್ಪಲಿಲ್ಲ. ಆದರೆ ರೋಗಿಯ ಮಾತಿಗೆ ಅರ್ಥವಿದೆ, ಅದನ್ನು ತಾಳ್ಮೆಯಿಂದ ಕೇಳಬೇಕು ಎಂಬ ಅಡಿಪಾಯ ಉಳಿಯಿತು.

ಎರಡನೆಯ ದಾರಿ ಬೇರೆ ದಿಕ್ಕಿನಿಂದ ಬಂತು. ಹಳೆಯ ನೆನಪುಗಳನ್ನು ಕೆದಕುವುದಕ್ಕಿಂತ ಈಗಿನ ನಡವಳಿಕೆಯನ್ನು ನೇರವಾಗಿ ಬದಲಿಸಬಹುದಲ್ಲವೇ ಎಂದು ಕೆಲವರು ಕೇಳಿದರು. 1924ರಲ್ಲಿ ಅಮೆರಿಕದ ಮೇರಿ ಕವರ್ ಜೋನ್ಸ್ ಎಂಬಾಕೆ ಸುಮಾರು ಮೂರು ವರ್ಷದ ಪೀಟರ್ ಎಂಬ ಮಗುವಿನ ಭಯವನ್ನು ನಿವಾರಿಸಿದ ಬಗೆಯನ್ನು ಪ್ರಕಟಿಸಿದರು. ಪೀಟರನಿಗೆ ಮೊಲ ಕಂಡರೆ ಭಯ, ತುಪ್ಪಟ ಕಂಡರೆ ಭಯ, ಹತ್ತಿ ಕಂಡರೂ ಭಯ. ಜೋನ್ಸ್ ಅವನಿಗೆ ಇಷ್ಟವಾದ ತಿಂಡಿ ಕೊಟ್ಟು, ಅವನು ತಿನ್ನುತ್ತಿರುವಾಗ ಮೊಲವಿರುವ ಪಂಜರವನ್ನು ದೂರದಲ್ಲಿಟ್ಟರು. ಅವನು ಹೆದರದಷ್ಟೇ ದೂರ. ದಿನ ಕಳೆದಂತೆ ಪಂಜರ ಸ್ವಲ್ಪ ಸ್ವಲ್ಪವೇ ಹತ್ತಿರ ಬಂತು. ಕೊನೆಗೆ ಪೀಟರ್ ಮೊಲವನ್ನು ಮುಟ್ಟಿ ಮುದ್ದಿಸತೊಡಗಿದ. 1950ರ ದಶಕದಲ್ಲಿ ದಕ್ಷಿಣ ಆಫ್ರಿಕದ ಜೋಸೆಫ್ ವೋಲ್ಪೆ ಇದೇ ತತ್ತ್ವವನ್ನು ದೊಡ್ಡವರ ಚಿಕಿತ್ಸೆಗೆ ಕ್ರಮಬದ್ಧವಾಗಿ ರೂಪಿಸಿದರು. ಇದು ವರ್ತನಾ ಚಿಕಿತ್ಸೆ.

ಇದನ್ನು ನಿಮ್ಮ ಬದುಕಿಗೇ ಅನ್ವಯಿಸಿ ನೋಡಿ. ಸಭೆಯಲ್ಲಿ ಮಾತನಾಡಲು ನಿಮಗೆ ವಿಪರೀತ ಭಯ ಎಂದುಕೊಳ್ಳೋಣ. ಚಿಕಿತ್ಸಕರು ನಿಮ್ಮನ್ನು ಒಮ್ಮೆಲೇ ವೇದಿಕೆಗೆ ತಳ್ಳುವುದಿಲ್ಲ. ನಿಮ್ಮೊಡನೆ ಕುಳಿತು ಒಂದು ಏಣಿಯನ್ನು ರಚಿಸುತ್ತಾರೆ. ಕೆಳಗಿನ ಮೆಟ್ಟಿಲು, ಮನೆಯಲ್ಲಿ ಒಬ್ಬರೇ ಗಟ್ಟಿಯಾಗಿ ಓದುವುದು. ಮುಂದಿನದು ತಂಗಿಯ ಮುಂದೆ ಓದುವುದು. ಆಮೇಲೆ ಇಬ್ಬರು ಗೆಳೆಯರ ಮುಂದೆ, ಆಮೇಲೆ ತರಗತಿಯಲ್ಲಿ ಒಂದು ಪ್ರಶ್ನೆ ಕೇಳುವುದು. ಒಂದು ಮೆಟ್ಟಿಲಿನಲ್ಲಿ ಉಸಿರಾಟ ತಹಬದಿಗೆ ಬಂದ ಮೇಲೆಯೇ ಮುಂದಿನದಕ್ಕೆ ಕಾಲಿಡುವುದು. ಹೆದರಿದ ಜಾಗದಿಂದ ಓಡಿಹೋದರೆ ಭಯ ಬೆಳೆಯುತ್ತದೆ. ಸಹಿಸಬಹುದಾದಷ್ಟು ಹೊತ್ತು ಅಲ್ಲೇ ನಿಂತರೆ ಅದು ತಾನಾಗಿ ಇಳಿಯುತ್ತದೆ. ಈ ಚಿಕಿತ್ಸೆಯ ಗುಟ್ಟು ಅಷ್ಟೇ.

ಮೂರನೆಯದು ಆಲೋಚನೆಯ ದಾರಿ. ಅಮೆರಿಕದ ಫಿಲಡೆಲ್ಫಿಯಾದ ಮನೋವೈದ್ಯ ಆರನ್ ಬೆಕ್ ಮೊದಲು ಮನೋವಿಶ್ಲೇಷಣೆಯಲ್ಲಿಯೇ ತರಬೇತಿ ಪಡೆದವರು. ಖಿನ್ನತೆಯವರ ಕನಸುಗಳಲ್ಲಿ ಅದುಮಿಟ್ಟ ಸಿಟ್ಟು ಕಾಣುತ್ತದೆಂದು ಹುಡುಕಹೊರಟರು. ಕಂಡದ್ದು ಸೋಲು ಮತ್ತು ನಷ್ಟದ ಚಿತ್ರಗಳು. ಖಿನ್ನರಾದವರ ತಲೆಯಲ್ಲಿ ಮಿಂಚಿನಂತೆ ಬಂದುಹೋಗುವ ಕೆಲವು ಮಾತುಗಳಿರುತ್ತವೆ, 'ನಾನು ಕೆಲಸಕ್ಕೆ ಬಾರದವನು', 'ಮುಂದೆ ಏನೂ ಒಳ್ಳೆಯದಾಗದು' ಎಂಬಂಥವು. ಅವರು ಅವನ್ನು ಪರೀಕ್ಷಿಸದೆ ನಂಬಿಬಿಡುತ್ತಾರೆ ಎಂದು ಬೆಕ್ 1960ರ ದಶಕದಲ್ಲಿ ತೋರಿಸಿಕೊಟ್ಟರು. ಆ ಮಾತುಗಳನ್ನು ಹಿಡಿದು, ಸಾಕ್ಷಿ ಕೇಳಿ, ತೂಗಿ ನೋಡುವುದನ್ನು ಕಲಿಸುವುದೇ ಅವರ ಚಿಕಿತ್ಸೆ. ವರ್ತನಾ ಚಿಕಿತ್ಸೆಯೊಡನೆ ಸೇರಿ ಇಂದು ಇದು ಅರಿವು-ವರ್ತನಾ ಚಿಕಿತ್ಸೆ ಎನ್ನಿಸಿಕೊಂಡಿದೆ.

ಒಂದು ಉದಾಹರಣೆ. ಕಿರುಪರೀಕ್ಷೆಯಲ್ಲಿ ಗಣಿತಕ್ಕೆ 25ಕ್ಕೆ 9 ಅಂಕ ಬಂತು. ಒಡನೆ ತಲೆಯಲ್ಲಿ ಬಂದ ಮಾತು: 'ನನ್ನ ಕೈಲಿ ಪಿಯುಸಿ ಆಗದು, ಅಪ್ಪನ ಮಾನ ಹೋಯಿತು.' ಚಿಕಿತ್ಸಕರು 'ಹಾಗೆಲ್ಲ ಯೋಚಿಸಬೇಡ' ಎನ್ನುವುದಿಲ್ಲ. ಒಂದು ನೋಟ್‌ಬುಕ್ಕಿನಲ್ಲಿ ಬರೆಯಲು ಹೇಳುತ್ತಾರೆ. ನಡೆದದ್ದೇನು? ಬಂದ ಆಲೋಚನೆ ಯಾವುದು? ಅದಕ್ಕೆ ಪುರಾವೆ ಏನು? ವಿರುದ್ಧವಾದ ಪುರಾವೆ ಏನು? ಇದೇ ಅಂಕ ನಿನ್ನ ಗೆಳೆಯನಿಗೆ ಬಂದಿದ್ದರೆ ಅವನಿಗೆ ಏನು ಹೇಳುತ್ತಿದ್ದೆ? ಬರೆಯುತ್ತಾ ಹೋದಾಗ, 'ಎರಡು ಅಧ್ಯಾಯ ಅರ್ಥವಾಗಿಲ್ಲ, ಯಾರನ್ನಾದರೂ ಕೇಳಬೇಕು' ಎಂಬ ಸಣ್ಣ, ನಿಜವಾದ, ಪರಿಹಾರವುಳ್ಳ ಸಮಸ್ಯೆ ಉಳಿಯುತ್ತದೆ. ಸುಳ್ಳು ಧೈರ್ಯ ತುಂಬುವ ಕೆಲಸ ಇದಲ್ಲ. ಲೆಕ್ಕ ತಪ್ಪಿದ ಕಡೆ ಲೆಕ್ಕ ಸರಿಮಾಡುವ ಕೆಲಸ.

ನಾಲ್ಕನೆಯ ದಾರಿಯನ್ನು ತೋರಿದವರು ಕಾರ್ಲ್ ರೋಜರ್ಸ್. ರೋಗಿ ಎಂಬ ಪದವನ್ನೇ ಅವರು ಬದಿಗಿಟ್ಟರು. ಬದಲಾವಣೆಗೆ ಬೇಕಾದ ಶಕ್ತಿ ವ್ಯಕ್ತಿಯೊಳಗೇ ಇದೆ, ಅದು ಅರಳಲು ತಕ್ಕ ವಾತಾವರಣ ಬೇಕು ಎಂದರು. 1957ರಲ್ಲಿ ಬರೆದ ಪ್ರಸಿದ್ಧ ಲೇಖನದಲ್ಲಿ ಚಿಕಿತ್ಸಕನಲ್ಲಿ ಇರಬೇಕಾದ ಮೂರು ಗುಣಗಳನ್ನು ಎತ್ತಿಹೇಳಿದರು. ಎದುರಿಗಿರುವವರ ಸ್ಥಾನದಲ್ಲಿ ನಿಂತು ಅರಿಯುವ ಸಹಾನುಭೂತಿ, ಷರತ್ತಿಲ್ಲದ ಆದರ, ಮತ್ತು ನಟನೆಯಿಲ್ಲದ ಪ್ರಾಮಾಣಿಕತೆ. ಯಾವ ಬಗೆಯ ಚಿಕಿತ್ಸೆಯಾದರೂ ಈ ಮೂರು ಇಲ್ಲದಿದ್ದರೆ ಸಪ್ಪೆ.

ಐದನೆಯದಾಗಿ, ಮನಸ್ಸು ಒಂಟಿಯಾಗಿ ಕಾಯಿಲೆ ಬೀಳುವುದಿಲ್ಲ, ಸಂಬಂಧಗಳ ನಡುವೆ ಬೀಳುತ್ತದೆ ಎಂದು ಗುರುತಿಸಿದ ಚಿಕಿತ್ಸೆಗಳು. ಅಮೆರಿಕದ ಜೆರಾಲ್ಡ್ ಕ್ಲರ್ಮನ್ ಮತ್ತು ಮಿರ್ನಾ ವೈಸ್‌ಮನ್ ರೂಪಿಸಿದ ಅಂತರವ್ಯಕ್ತಿ ಚಿಕಿತ್ಸೆಯಲ್ಲಿ ಆಪ್ತರ ಸಾವು, ಮನೆಯ ಜಗಳ, ಬದುಕಿನ ದೊಡ್ಡ ಬದಲಾವಣೆ, ಒಂಟಿತನ ಇವುಗಳಲ್ಲಿ ಯಾವುದು ದುಃಖದ ಬೇರು ಎಂದು ಮೊದಲು ಹುಡುಕುತ್ತಾರೆ. ಹಳ್ಳಿ ಬಿಟ್ಟು ಹಾಸ್ಟೆಲಿಗೆ ಬರುವುದೂ ಅಂಥ ಒಂದು ಬದಲಾವಣೆಯೇ. ಇನ್ನು ನಮ್ಮ ದೇಶದ್ದೇ ಒಂದು ಹೆಮ್ಮೆಯ ಉದಾಹರಣೆ ಇದೆ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ ಅವರು ಆವರಣದಲ್ಲಿ ಡೇರೆಗಳನ್ನು ಹಾಕಿಸಿ, ರೋಗಿಗಳ ಮನೆಯವರನ್ನೂ ಅಲ್ಲಿಯೇ ಇರಿಸಿಕೊಂಡರು. ಮನೆಯವರೊಡನೆ ಕುಳಿತು ಕಾಯಿಲೆಯ ವಿಚಾರ ಮಾತನಾಡಿದರು. ರೋಗಿಯನ್ನು ಬಿಟ್ಟುಹೋಗುವ ಜಾಗವಾಗಿದ್ದ ಆಸ್ಪತ್ರೆ, ಕರೆದುಕೊಂಡು ಹೋಗುವ ಜಾಗವಾಯಿತು. ಮುಂದೆ ವೆಲ್ಲೂರು, ಬೆಂಗಳೂರುಗಳಲ್ಲೂ ಕುಟುಂಬವನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವ ಕ್ರಮ ಬೆಳೆಯಿತು.

'ಇದೆಲ್ಲ ಪಟ್ಟಣದ ಓದಿದವರಿಗೆ, ದುಡ್ಡಿದ್ದವರಿಗೆ' ಎಂದು ನೀವು ಕೇಳಬಹುದು. ಅದಕ್ಕೆ ಉತ್ತರ ಆಫ್ರಿಕದಿಂದ ಬಂದಿದೆ. ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ಡಾ. ಡಿಕ್ಸನ್ ಚಿಬಾಂಡ 2006ರಲ್ಲಿ ಹದಿನಾಲ್ಕು ಮಂದಿ ಅಜ್ಜಿಯರಿಗೆ ತರಬೇತಿ ಕೊಟ್ಟರು. ಆರೋಗ್ಯ ಕೇಂದ್ರದ ಹೊರಗೆ ಒಂದು ಮರದ ಬೆಂಚು. ಅದರ ಮೇಲೆ ಅಜ್ಜಿ, ಪಕ್ಕದಲ್ಲಿ ಕಷ್ಟ ಹೇಳಿಕೊಳ್ಳಲು ಬಂದವರು. ಖಿನ್ನತೆ ಎಂಬ ವೈದ್ಯರ ಪದದ ಬದಲು ಅಲ್ಲಿಯ ಶೋನಾ ಭಾಷೆಯ 'ಕುಫುಂಗಿಸಿಸ', ಅಂದರೆ ಅತಿಯಾಗಿ ಯೋಚಿಸುವುದು, ಎಂಬ ಮಾತನ್ನೇ ಬಳಸಿದರು. ಅಜ್ಜಿಯರು ಮೊದಲು ಕೇಳುತ್ತಾರೆ, ಆಮೇಲೆ ಕಷ್ಟಗಳಲ್ಲಿ ಒಂದನ್ನು ಆರಿಸಿಕೊಂಡು ಅದಕ್ಕೆ ದಾರಿ ಹುಡುಕಲು ನೆರವಾಗುತ್ತಾರೆ. 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಆರು ತಿಂಗಳ ನಂತರ ಬೆಂಚಿಗೆ ಬಂದವರ ಖಿನ್ನತೆ, ಎಂದಿನ ಆರೈಕೆ ಪಡೆದವರಿಗಿಂತ ಬಹಳ ಕಡಿಮೆಯಾಗಿತ್ತು.

ನಮ್ಮ ನೆರೆಯ ಗೋವಾದಲ್ಲೂ ಹೀಗೇ. ಅಲ್ಲಿ ವೈದ್ಯರಲ್ಲದ, ತರಬೇತಿ ಪಡೆದ ಸ್ಥಳೀಯ ಆಪ್ತಸಲಹೆಗಾರರು ತೀವ್ರ ಖಿನ್ನತೆಯುಳ್ಳವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕ ಆರರಿಂದ ಎಂಟು ಬಾರಿ ಕಂಡು ಮಾತನಾಡಿದರು. ಬಿಟ್ಟುಹೋದ ಇಷ್ಟದ ಕೆಲಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವಂತೆ ನೆರವಾದರು. 2017ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಮೂರು ತಿಂಗಳಲ್ಲಿ ಈ ನೆರವು ಪಡೆದವರಲ್ಲಿ ಶೇ. 64 ಮಂದಿ ಖಿನ್ನತೆಯಿಂದ ಹೊರಬಂದಿದ್ದರು, ಪಡೆಯದವರಲ್ಲಿ ಶೇ. 39 ಮಂದಿ.

ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಈ ಎರಡನೆಯ ಅಂಕಿಯನ್ನೂ ಗಮನಿಸಬೇಕು. ನೆರವಿಲ್ಲದೆಯೂ ಕೆಲವರು ಚೇತರಿಸಿಕೊಳ್ಳುತ್ತಾರೆ. ಈ ಕಾರಣಕ್ಕೇ 1952ರಲ್ಲಿ ಹಾನ್ಸ್ ಐಸೆಂಕ್ ಎಂಬ ಮನೋವಿಜ್ಞಾನಿ, ಮಾತಿನ ಚಿಕಿತ್ಸೆಯಿಂದ ಲಾಭವಿದೆ ಎನ್ನಲು ಪುರಾವೆಯೇ ಇಲ್ಲ ಎಂದು ಸವಾಲು ಹಾಕಿದರು. ಆ ಸವಾಲಿನಿಂದ ಒಳ್ಳೆಯದೇ ಆಯಿತು. ಅಧ್ಯಯನಗಳು ಬಿಗಿಯಾದವು. 1977ರಲ್ಲಿ ಮೇರಿ ಸ್ಮಿತ್ ಮತ್ತು ಜೀನ್ ಗ್ಲಾಸ್ ಸುಮಾರು 375 ಅಧ್ಯಯನಗಳನ್ನು ಒಟ್ಟುಗೂಡಿಸಿ ಲೆಕ್ಕ ಹಾಕಿದಾಗ, ಚಿಕಿತ್ಸೆ ಪಡೆದ ಸರಾಸರಿ ವ್ಯಕ್ತಿಯ ಸ್ಥಿತಿ ಪಡೆಯದ ನೂರರಲ್ಲಿ ಎಪ್ಪತ್ತೈದು ಮಂದಿಗಿಂತ ಮೇಲಾಗಿತ್ತು. ಬಗೆಬಗೆಯ ಚಿಕಿತ್ಸೆಗಳ ನಡುವಿನ ಅಂತರ ನಿರೀಕ್ಷಿಸಿದಷ್ಟು ದೊಡ್ಡದಿರಲಿಲ್ಲ. ಚಿಕಿತ್ಸಕರ ಮತ್ತು ಬಂದವರ ನಡುವೆ ಕುದುರುವ ವಿಶ್ವಾಸಕ್ಕೆ ಎಷ್ಟು ಬೆಲೆಯಿದೆ ಎಂಬುದರ ಕಡೆಗೂ ಇದು ಗಮನ ಸೆಳೆಯಿತು.

ಮಾತಿನ ಚಿಕಿತ್ಸೆಗೆ ಮಿತಿಗಳೂ ಇವೆ. ಇಲ್ಲದ ದನಿಗಳು ಕೇಳಿಸುವ ಸ್ಕಿಜೋಫ್ರೇನಿಯಾ, ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಬರುವ ಕಾಯಿಲೆ ಇಂಥವುಗಳಿಗೆ ಔಷಧಿಯೇ ಮುಖ್ಯ. ಮಾತು ಅದರ ಜೊತೆಗಾರ. ತೀವ್ರ ಖಿನ್ನತೆಯಲ್ಲಿ ಅನೇಕರಿಗೆ ಎರಡೂ ಬೇಕಾಗುತ್ತವೆ. ಥೈರಾಯಿಡ್ ತೊಂದರೆಯಿಂದಲೂ ಮಂಕು ಕವಿಯಬಹುದಾದ್ದರಿಂದ ದೇಹದ ಪರೀಕ್ಷೆಯೂ ಅಗತ್ಯ. ಮನೋವೈದ್ಯರು ವೈದ್ಯಪದವಿ ಪಡೆದವರು, ಔಷಧಿ ಬರೆಯಬಲ್ಲರು. ಚಿಕಿತ್ಸಾ ಮನೋವಿಜ್ಞಾನಿಗಳು ಮಾತಿನ ಚಿಕಿತ್ಸೆಯಲ್ಲಿ ವಿಶೇಷ ತರಬೇತಿ ಪಡೆದವರು. ಕಾಲೇಜಿನ ಆಪ್ತಸಲಹೆಗಾರರು ಮೊದಲ ಮಾತಿಗೆ ಸಿಗುವವರು. ಯಾರ ಬಳಿ ಹೋದರೂ ಅವರ ತರಬೇತಿಯೇನೆಂದು ಕೇಳುವ ಹಕ್ಕು ನಿಮಗಿದೆ.

ಆ ಕೋಣೆಯಲ್ಲಿ ಏನು ನಡೆಯುತ್ತದೆ ಎಂಬ ಅಂಜಿಕೆ ಸಹಜ. ಸಾಮಾನ್ಯವಾಗಿ ಮುಕ್ಕಾಲು ಗಂಟೆಯ ಭೇಟಿ, ವಾರಕ್ಕೊಮ್ಮೆ. ಎದುರುಬದುರು ಎರಡು ಕುರ್ಚಿ. ನೀವು ಅಳಬಹುದು, ಸುಮ್ಮನಿರಬಹುದು, 'ಇದನ್ನು ಇವತ್ತು ಹೇಳಲಾರೆ' ಎನ್ನಬಹುದು. ಹೇಳಿದ್ದು ಅಲ್ಲೇ ಉಳಿಯುತ್ತದೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯಿದೆ ಈ ಗೋಪ್ಯತೆಯನ್ನು ಹಕ್ಕಾಗಿಯೇ ಕೊಟ್ಟಿದೆ. ಜೀವಕ್ಕೆ ಅಪಾಯವಿದೆ ಎನ್ನಿಸಿದಂಥ ಸಂದರ್ಭಗಳಲ್ಲಿ ಬೇರೆಯವರಿಗೆ ತಿಳಿಸಬೇಕಾಗುತ್ತದೆ. ಅದನ್ನು ಅವರು ನಿಮಗೆ ಮೊದಲೇ ಹೇಳುತ್ತಾರೆ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನ ನಿಮ್ಹಾನ್ಸ್ 1974ರಿಂದ ನಮ್ಮ ನಡುವೆ ಇದೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾನಸಿಕ ಆರೋಗ್ಯ ವಿಭಾಗಗಳಿವೆ. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆದ ಪ್ರಯೋಗವೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆಯ ಸಂಖ್ಯೆ 14416. ಹಗಲಿರುಳೂ, ಉಚಿತವಾಗಿ, ಕನ್ನಡದಲ್ಲೇ ಮಾತನಾಡಬಹುದು. ಈ ಸಂಖ್ಯೆಯನ್ನು ನಿಮ್ಮ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದಿಡಿ. ಮನಸ್ಸಿನ ವಿಚಾರ ಕನ್ನಡಕ್ಕೆ ಹೊಸದೂ ಅಲ್ಲ. 'ಕೊರವಂಜಿ'ಯಲ್ಲಿ ನಮ್ಮನ್ನು ನಗಿಸಿದ ರಾಶಿ, ಅಂದರೆ ಡಾ. ಎಂ. ಶಿವರಾಂ, ಇದೇ ವಿಷಯ ಕುರಿತು ಬರೆದ 'ಮನಮಂಥನ'ಕ್ಕೆ 1976ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿತ್ತು.

ಈಗ ನನ್ನ ಹುಡುಗನ ವಿಷಯ. ಅವನು ಊರಿಗೆ ಹೋಗಿ ಮನೆಯ ಮೂಲೆ ಹಿಡಿದಿದ್ದನಂತೆ. ಅವನ ಸೋದರತ್ತೆ, ಆಶಾ ಕಾರ್ಯಕರ್ತೆ, ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕೆಲವು ತಿಂಗಳ ಚಿಕಿತ್ಸೆ ನಡೆಯಿತು. ಮರುವರ್ಷ ಅವನು ಕಾಲೇಜಿಗೆ ಮರಳಿದ. ಒಂದು ದಿನ ಧೈರ್ಯಮಾಡಿ ಕೇಳಿದೆ, 'ಅವರು ನಿನಗೆ ಏನು ಹೇಳಿದರಪ್ಪಾ?' ಅವನು ಸ್ವಲ್ಪ ಯೋಚಿಸಿ, 'ಮೊದಲೆರಡು ಸಲ ಏನೂ ಹೇಳಲಿಲ್ಲ ಸರ್. ಪೂರ್ತಿ ಕೇಳಿದರು' ಎಂದ. ನಾನು ಕೇಳಿಸಿಕೊಂಡದ್ದು ಎರಡೇ ವಾಕ್ಯ. ಮೂರನೆಯದನ್ನು ಅವನು ಆಡುವ ಮೊದಲೇ ಉಪದೇಶ ಶುರುಮಾಡಿದ್ದೆ.

ಆದ್ದರಿಂದ ನಿಮ್ಮಲ್ಲಿ ಎರಡು ಕೋರಿಕೆ. ನಿಮ್ಮ ಗೆಳೆಯ ಊಟ ಬಿಟ್ಟರೆ, ನಿದ್ದೆ ಬಿಟ್ಟರೆ, ಎಲ್ಲರಿಂದ ದೂರ ಸರಿದರೆ, ಪಕ್ಕದಲ್ಲಿ ಕುಳಿತು ಕೇಳಿ. ನಡುವೆ ಬಾಯಿ ಹಾಕಬೇಡಿ. ಬದುಕೇ ಬೇಡ ಎಂಬ ಮಾತು ಬಂದರೆ ಅದನ್ನು ಗುಟ್ಟಾಗಿ ಇಟ್ಟುಕೊಳ್ಳದೆ, ಅವನನ್ನು ಒಂಟಿಯಾಗಿ ಬಿಡದೆ, ನಂಬಿಕೆಯ ಹಿರಿಯರೊಬ್ಬರಿಗೆ ಕೂಡಲೇ ತಿಳಿಸಿ. ಅದು ಸ್ನೇಹದ್ರೋಹವಲ್ಲ. ಇನ್ನು, ಆ ಭಾರ ನಿಮ್ಮದೇ ಆಗಿದ್ದರೆ, ನೀವು ಹೇಳಿಕೊಂಡ ಮೊದಲನೆಯವರು ನನ್ನಂತೆ ಬೆನ್ನು ತಟ್ಟಿ ಕಳಿಸಿಬಿಟ್ಟರೆ, ಅಲ್ಲಿಗೇ ನಿಲ್ಲಿಸಬೇಡಿ. ಎರಡನೆಯವರಿಗೆ ಹೇಳಿ. ಅಗತ್ಯವಾದರೆ ಮೂರನೆಯವರಿಗೂ ಹೇಳಿ. ಮಾತು ಬೆಳ್ಳಿ, ಮೌನ ಬಂಗಾರ ಎಂಬ ಗಾದೆ ನಮ್ಮಲ್ಲಿದೆ. ಕೇಳುವವರ ಮೌನಕ್ಕೆ ಅದು ಸರಿ. ನೋವುಂಡವರಿಗೆ ಮಾತೇ ಬಂಗಾರ.